ಏಳನೇ ತೊಟ್ಟಿಗೆ ಬಿದ್ದ ಪುರಿ

ಹೊಳೆನರಸೀಪುರ

ನಮ್ಮ ಮಗಳು ಚೈತ್ರಳಿಗೆ ಡೆಂಗಿ ಜ್ವರ ಬಂದು ವಿಯೆಟ್ನಾಮಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ ಬಂದಾಗ ನಾನು ಒಲೆಯ ಮುಂದೆ ನಿಂತು ಕಡಲೆಪುರಿಗೆ ಒಗ್ಗರಣೆ ಹಾಕುತ್ತಿದ್ದೆ. ಆ ದೇಶ ಯಾವ ದಿಕ್ಕಿಗಿದೆ ಎಂದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಒಲೆ ಆರಿಸಿ ದೇವರ ಮನೆಗೆ ಹೋಗಿ ಹರಕೆ ಹೊತ್ತೆ. ಮಗು ಎದ್ದು ಕೂತರೆ ರಾಮನಾಥಪುರಕ್ಕೆ ಹೋಗಿ ಹೊಳೆಯ ಮೀನುಗಳಿಗೆ ಪುರಿ ಹಾಕಿ ಬರುತ್ತೇನೆ ತಂದೆ ಎಂದೆ.

ನನ್ನ ತವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗೆ ಜ್ವರ ಬಂದು ವಾಸಿಯಾದರೂ ನಮ್ಮವ್ವ ರಾಮನಾಥಪುರಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ರಾಮೇಶ್ವರನಿಗೆ ಕೈಮುಗಿದು ಕಾವೇರಿಯ ಮೆಟ್ಟಿಲಿಳಿದರೆ ತೋಳಿನಷ್ಟು ದಪ್ಪದ ಮೀನುಗಳು ಕಾಲ ಬಳಿಗೇ ಬರುತ್ತವೆ. ಅಲ್ಲಿ ಯಾರೂ ಅವನ್ನು ಹಿಡಿಯುವಂತಿಲ್ಲ. ನಾವು ಲಿಂಗ ಕಟ್ಟಿದವರು, ಮೀನು ಮನೆಯೊಳಗೆ ತರುವವರಲ್ಲ. ಆದರೆ ಆ ಮೆಟ್ಟಿಲ ಮೇಲೆ ಕೂತು ಪುರಿ ಎಸೆಯುವುದು ನಮಗೆ ಪೂಜೆಗಿಂತ ಕಡಿಮೆಯಲ್ಲ.

ಆ ಮೀನು ನೋಡಿ ನೋಡಿಯೇ ಏನೋ, ನನ್ನ ಮಗಳು ಮೀನಿನ ಓದೇ ಓದಿದಳು. ಎರಡು ವರ್ಷದಿಂದ ವಿಯೆಟ್ನಾಮಿನ ಕಡಲ ತೀರದ ಹ್ಯಾಚರಿಯೊಂದರಲ್ಲಿ, ಆಗತಾನೇ ಮೊಟ್ಟೆಯೊಡೆದ ಮರಿಗಳಿಗೆ ಎಂಥ ಮೇವು ಕೊಟ್ಟರೆ ಚೆನ್ನಾಗಿ ಬೆಳೆಯುತ್ತವೆ ಎಂದು ನೋಡುವ ಕೆಲಸ. ಚನ್ನರಾಯಪಟ್ಟಣದ ನನ್ನ ನಾದಿನಿ ಗಿರಿಜ ಅದಕ್ಕೆ ಒಂದು ಹೆಸರಿಟ್ಟಿದ್ದಳು.

"ಅತ್ತಿಗೆ, ಲಿಂಗ ಕಟ್ಕಂಡಿರೋ ಮನೆ ಹುಡುಗಿ ಮೀನಿನ ಬಾಣಂತನ ಮಾಡ್ಕಂಡು ಕೂತವಳೆ ಅಂತ ಗಂಡಿನ ಕಡೆಯೋರ ಮುಂದೆ ನಾನ್ ಯಾವ್ ಬಾಯಲ್ಲಿ ಹೇಳ್ಲಿ?"

ಪುಣ್ಯಕ್ಕೆ ಚೈತ್ರ ಹುಷಾರಾದಳು. ಆದರೆ ವಿಡಿಯೋದಲ್ಲಿ ಅವಳ ಕೆನ್ನೆ ಒಳಗೆ ಹೋಗಿತ್ತು, ಕೂದಲು ಉದುರಿ ನೆತ್ತಿ ಕಾಣುತ್ತಿತ್ತು. ನನಗೆ ರಾತ್ರಿ ಅನ್ನ ಇಳಿಯಲಿಲ್ಲ. ನಮ್ಮ ಯಜಮಾನರಿಗೆ ಪೇಟೆಬೀದಿಯಲ್ಲಿ ದಿನಸಿ ಅಂಗಡಿ. "ನೀನ್ ಓಗ್ಬುಟ್ಟು ಬಾ ಕಣೆ. ನಾನ್ ಅಂಗಡಿ ಬುಟ್ಟು ಬರಕಾಗಲ್ಲ. ಮಗೀಗೆ ಒಂದ್ ತಿಂಗಳು ಅನ್ನ ಹಾಕು," ಎಂದರು. ಪಾಸ್‌ಪೋರ್ಟು ವೀಸಾ ಎಂದು ಓಡಾಡುವುದರಲ್ಲಿ ಹರಕೆ ತೀರಿಸಲು ಒಂದು ದಿನ ಸಿಗಲಿಲ್ಲ. ಬಂದ ಮೇಲೆ ಹೋದರಾಯಿತು ಎಂದು ಅವರು ಸಮಾಧಾನ ಹೇಳಿದರು. ನನಗೆ ಮಾತ್ರ ಸಾಲ ಇಟ್ಟುಕೊಂಡು ಊರು ಬಿಟ್ಟ ಹಾಗಾಯಿತು.

ಆಕಾಶದಲ್ಲಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಬಾಗಿಲು ದಾಟುವಾಗ ಯಂತ್ರ ಕೂಗಿತು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಬಿಚ್ಚು ಎಂದರೆ ಏನು ಮಾಡುವುದು, ತಟ್ಟೆಯಲ್ಲಿ ಚಪ್ಪಲಿಗಳ ಜೊತೆ ಹಾಕು ಎಂದರೆ? ಪರದೆಯ ಹಿಂದೆ ಕರೆದುಕೊಂಡು ಹೋದ ಹೆಣ್ಣುಮಗಳು ಅದನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. "ಗೊತ್ತಾಯ್ತು ಬಿಡಿ ಅಮ್ಮ, ನೀವೇ ತೆಗೆದು ತೋರಿಸಿ ಸಾಕು," ಎಂದಳು. ಅವಳ ಮನೆಯಲ್ಲೂ ಲಿಂಗ ಕಟ್ಟಿದವರಿದ್ದರೋ ಏನೋ. ದಾರಿಯುದ್ದಕ್ಕೂ ಶಿವ ಮಾಡಿದ ಉಪಕಾರಗಳನ್ನು ಬೆರಳು ಮಡಿಸಿ ಎಣಿಸಲು ಶುರುಮಾಡಿದ್ದು ಅಲ್ಲಿಂದಲೇ.

ವಿಮಾನ ಏರಿದ ಮೇಲೆ ಹೇಳಿಕೊಳ್ಳುವುದೇನಿಲ್ಲ. ಕಣ್ಣುಮುಚ್ಚಿ ಪಂಚಾಕ್ಷರಿ ಜಪಿಸಿದೆ. ಕುಲುಕಾಡಿದಾಗಲೆಲ್ಲ ಪಕ್ಕದ ವಿಯೆಟ್ನಾಮಿನ ಅಜ್ಜಿ ತಾನಾಗಿ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಅವಳಿಗೂ ಭಯವಿತ್ತು. ಅದು ಎರಡನೇ ಬೆರಳು.

ನ್ಯಾ ತ್ರಾಂಗ್

ಚೈತ್ರ ಇರುವ ಊರಿನ ಹೆಸರು ನ್ಯಾ ತ್ರಾಂಗ್. ಕಡಲ ಊರು. ರಸ್ತೆ ದಾಟಬೇಕಾದರೆ ಪ್ರಾಣ ಕೈಯಲ್ಲಿ ಹಿಡಿಯಬೇಕು. ಸ್ಕೂಟರುಗಳು ಜೇನುಹುಳದ ಹಾಗೆ ಬರುತ್ತವೆ, ನಿಲ್ಲುವುದಿಲ್ಲ. ನಿಧಾನವಾಗಿ ನಡೆಯುತ್ತಾ ಹೋಗು, ಅವರೇ ತಪ್ಪಿಸಿಕೊಂಡು ಹೋಗುತ್ತಾರೆ ಎಂದು ಮಗಳು ಹೇಳಿದಳು. ನಾನು ಹೊಳೆನರಸೀಪುರದವಳು, ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿ ಗೊತ್ತು. ಅಲ್ಲಿ ಕೈ ತೋರಿಸಿದರೆ ನಕ್ಕು ಕೈಬೀಸಿ ಹೋಗುತ್ತಾರೆ.

ಎಲ್ಲೆಲ್ಲೂ ಮೀನಿನ ರಸದ ವಾಸನೆ. ಮೊದಲ ದಿನ ಸೆರಗು ಮೂಗಿನಿಂದ ತೆಗೆಯಲಿಲ್ಲ. ಆದರೆ ಒಂದೊಂದು ಅಂಗಡಿಯ ಮುಂದೂ ನೆಲದ ಮೇಲೆ ಪುಟ್ಟ ಗೂಡು, ಅದರಲ್ಲಿ ಹಣ್ಣು, ಊದುಬತ್ತಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ನಮ್ಮ ಯಜಮಾನರು ತಕ್ಕಡಿಗೆ ಕೈಮುಗಿಯುವ ಹಾಗೆ ಅಲ್ಲಿಯೂ ಕೈಮುಗಿದೇ ವ್ಯಾಪಾರ. ಇವರೂ ದೇವರಿಗೆ ಹೆದರುವವರೇ ಎಂದು ಅಷ್ಟರಮಟ್ಟಿಗೆ ಧೈರ್ಯ ಬಂತು.

ಮಗಳನ್ನು ಕಂಡು ಆ ಧೈರ್ಯವೂ ಹೋಯಿತು. ಅವಳ ಬೆನ್ನು ಸವರಿದರೆ ಮೂಳೆ ಎಣಿಸಬಹುದಿತ್ತು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ಕೊಟ್ಟರೆ ನಾಲ್ಕು ತುತ್ತಿಗೆ ಸಾಕೆನ್ನುತ್ತಿದ್ದಳು. ಕೆಲಸದ ಚಿಂತೆ ಅವಳಿಗೆ. ಮೊದಲ ಪ್ರಯೋಗ ನೀರಿನ ಪಂಪು ಕೆಟ್ಟು ಹಾಳಾಗಿತ್ತು, ಎರಡನೆಯದು ಅವಳು ಆಸ್ಪತ್ರೆಯಲ್ಲಿದ್ದಾಗ ನಿಂತುಹೋಗಿತ್ತು. ಈಗ ಮೂರನೆಯದು. ನಾನು ಇಳಿದ ದಿನವೇ ಮರಿಗಳು ಮೊಟ್ಟೆಯೊಡೆದು ಬಂದಿದ್ದವು.

"ಇದೂ ಕೆಟ್ರೆ ಮುಗೀತಮ್ಮ. ಇನ್ನೊಂದು ಸಲಕ್ಕೆ ಟೈಮ್ ಕೊಡಲ್ಲ. ಎರಡು ವರ್ಷ ಮಾಡಿದ್ದೆಲ್ಲ ನೀರಿಗೆ."

ಹ್ಯಾಚರಿ

ಮೂರನೇ ದಿನ ನನ್ನನ್ನೂ ಕರೆದುಕೊಂಡು ಹೋದಳು. ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಔಷಧಿ ನೀರಿನಲ್ಲಿ ಕಾಲು ಅದ್ದಿಸಿ, ಕೈ ತೊಳೆಸಿದಳು. ಇಷ್ಟು ಮಡಿ ನಮ್ಮತ್ತೆಯೂ ಮಾಡಿಸಿರಲಿಲ್ಲ. ಒಳಗೆ ಸಾಲಾಗಿ ಒಂಬತ್ತು ಕಪ್ಪು ತೊಟ್ಟಿ. ಮೂರು ತರಹದ ಮೇವು, ಒಂದೊಂದಕ್ಕೂ ಮೂರು ತೊಟ್ಟಿ. ನೋಡಿಕೊಳ್ಳುವವಳು ಲಾನ್ ಎಂಬ ನನ್ನ ವಯಸ್ಸಿನ ಹೆಂಗಸು. ಅವಳಿಗೆ ನನ್ನ ಮಾತು ತಿಳಿಯದು, ನನಗೆ ಅವಳದು. ಇಬ್ಬರೂ ತಲೆಯಾಡಿಸಿಕೊಂಡೆವು.

ಬಗ್ಗಿ ನೋಡಿದರೆ ಬರೀ ನೀರು. ಚೈತ್ರ ಟಾರ್ಚು ಹಾಕಿದಾಗ ಸಾಸಿವೆಗಿಂತ ಸಣ್ಣ ಕಣ್ಣುಗಳು, ಲಕ್ಷಗಟ್ಟಲೆ. ಮೈ ಗಾಜಿನ ಹಾಗೆ, ಇದೆಯೋ ಇಲ್ಲವೋ ಎನ್ನುವಂತೆ. ಇಷ್ಟು ಸಣ್ಣ ಜೀವಕ್ಕೆ ಬಾಯಿ ಎಲ್ಲಿ, ಹೊಟ್ಟೆ ಎಲ್ಲಿ ಎಂದು ಕೇಳಿದೆ. ಅವಳು ಬಿಡಿಸಿ ಹೇಳಿದಳು. ಮರಿ ಹುಟ್ಟುವಾಗ ಎರಡು ದಿನದ ಬುತ್ತಿಯನ್ನು ಹೊಟ್ಟೆಗೆ ಕಟ್ಟಿಕೊಂಡೇ ಬರುತ್ತದಂತೆ. ಅದು ಕರಗುವಷ್ಟರಲ್ಲಿ ಬಾಯಿ ಬಿಡುತ್ತದೆ. ಆಗ ಕಣ್ಣೆದುರು ಮೇವು ಇರಲೇಬೇಕು. ಸ್ವಲ್ಪ ತಡವಾದರೂ ಸುಸ್ತಾಗಿ, ಆಮೇಲೆ ಎಷ್ಟು ಮೇವು ಸುರಿದರೂ ಹಿಡಿದು ತಿನ್ನಲು ಶಕ್ತಿಯಿರುವುದಿಲ್ಲ. ಅನ್ನದ ಮಧ್ಯೆಯೇ ಉಪವಾಸ ಸಾಯುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡು ತಿನ್ನಲಾರದೆ ಕೂತಿದ್ದ ಇವಳ ಫೋಟೋ ನನಗೆ ನೆನಪಾಯಿತು.

ಒಣ ಮೇವನ್ನು ಈ ಮರಿ ಅರಗಿಸಿಕೊಳ್ಳಲಾರದು. ಕಣ್ಣಿಗೆ ಕಾಣದಂಥ ರೋಟಿಫರ್ ಎಂಬ ಜೀವಿಗಳನ್ನು ಬೇರೆ ಬಕೆಟ್ಟಿನಲ್ಲಿ ಸಾಕಿ, ಅವುಗಳಿಗೆ ಪಾಚಿ, ಮೀನೆಣ್ಣೆ, ವಿಟಮಿನ್ನು ತಿನ್ನಿಸಿ, ಆಮೇಲೆ ಅವನ್ನು ಮರಿಗಳಿಗೆ ಬಿಡುತ್ತಾರೆ.

"ಅವು ಏನ್ ತಿಂದಿರ್ತವೋ ಅದೇ ಮರಿಗೆ ಸೇರೋದು. ಆ ಎಣ್ಣೆ ಅಂಶ ಸಾಲದಿದ್ರೆ ಕಣ್ಣು, ಮಿದುಳು ಸರಿಯಾಗಿ ಬೆಳೆಯಲ್ಲ, ಎದುರಿಗಿರೋ ಮೇವೇ ಕಾಣಲ್ಲ. ವಿಟಮಿನ್ ಅತಿಯಾದ್ರೆ ಬೆನ್ನು ಸೊಟ್ಟ ಆಗುತ್ತೆ," ಎಂದಳು.

ಬಾಣಂತಿ ತಿಂದದ್ದು ಕೂಸಿಗೆ ಸೇರುತ್ತದೆಂದು ನಾವು ಪಥ್ಯ ಮಾಡಿಸುವುದಿಲ್ಲವೇ? ಗಿರಿಜ ಆಡಿಕೊಂಡದ್ದು ಸುಳ್ಳಲ್ಲ, ಇದು ಬಾಣಂತನವೇ.

ಏನನ್ನೂ ಮುಟ್ಟಬೇಡಮ್ಮ ಎಂದು ಹೇಳಿ ಅವಳು ರೋಟಿಫರ್ ನೋಡಲು ಪಕ್ಕದ ಕೋಣೆಗೆ ಹೋದಳು. ಲಾನ್ ಹೊರಗೆ ನೀರು ಹಿಡಿಯುತ್ತಿದ್ದಳು. ನಾನೊಬ್ಬಳೇ. ಚೈತ್ರ ಹಸಿದಾಗ ತಿನ್ನಲಿ ಎಂದು ಊರಿನಿಂದ ತಂದ ಒಗ್ಗರಣೆ ಪುರಿ ನನ್ನ ಚೀಲದಲ್ಲಿತ್ತು. ಕಾಲಡಿಯಲ್ಲಿ ಅಷ್ಟೊಂದು ಮೀನು, ಕೈಯಲ್ಲಿ ಪುರಿ, ತಲೆಯ ಮೇಲೆ ತೀರದ ಹರಕೆ. ಮೀನು ಎಲ್ಲಿದ್ದರೂ ಮೀನೇ, ಇಲ್ಲಿ ಒಂದು ಹಿಡಿ ಹಾಕಿದರೂ ಶಿವನಿಗೆ ಸೇರುತ್ತದೆ ಎನ್ನಿಸಿತು. ಬಾಯಿ ಎಷ್ಟು, ಪುರಿ ಎಷ್ಟು ಎಂದು ಯೋಚಿಸಲಿಲ್ಲ. ಕೈ ತಾನಾಗಿ ಹೋಯಿತು. ಎದುರಿಗಿದ್ದ ಏಳನೇ ತೊಟ್ಟಿಗೆ ಕಣ್ಣುಮುಚ್ಚಿ ಹಾಕಿದೆ.

ಕಣ್ಣು ತೆರೆದಾಗ ಪುರಿ ತೇಲುತ್ತಿತ್ತು. ಒಂದೊಂದರ ಸುತ್ತಲೂ ಕಾಮನಬಿಲ್ಲಿನ ಬಣ್ಣದ ಜಿಡ್ಡು ಹರಡುತ್ತಿತ್ತು. ಗಾಬರಿಯಾಗಿ ಕೈಯಿಂದಲೇ ಬಾಚಿ ಬಾಚಿ ತೆಗೆದು ಚೀಲಕ್ಕೆ ತುಂಬಿದೆ. ಅಷ್ಟರಲ್ಲಿ ಚೈತ್ರ ಬಂದಳು. ಒದ್ದೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ನನ್ನ ಮುಖ ನೋಡಲಿಲ್ಲ. ತೊಟ್ಟಿಯ ಮೂಲೆಯ ತೇಲುವ ಚೌಕಟ್ಟು ತೋರಿಸಿ, ಬಿಟ್ಟಲ್ಲಿಂದ ಪಾಠ ಮುಂದುವರಿಸಿದಳು.

"ಇದು ಮೇಲಿನ ಜಿಡ್ಡು ಹಿಡಿಯೋಕೆ. ಮೇವಿನ ಎಣ್ಣೇನೆ ಸ್ವಲ್ಪ ತೇಲುತ್ತಲ್ಲ, ಲಾನ್ ಅಕ್ಕ ದಿನಕ್ಕೆ ಮೂರು ಸಲ ಒರೆಸಿ ತೆಗೀತಾರೆ. ಇವತ್ತು, ನಾಳೆ, ನಾಡಿದ್ದು ಈ ಮರಿಗಳು ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಬೇಕು. ಆಗಲೇ ಒಳಗೆ, ಮೀನನ್ನ ತೇಲಿಸೋ ಗಾಳಿಚೀಲ ತುಂಬೋದು. ಮೇಲೆ ಎಣ್ಣೆ ಕಟ್ಟಿದ್ರೆ ಆ ಸಣ್ಣ ಬಾಯಿಗೆ ಅದನ್ನ ಒಡೆಯೋಕಾಗಲ್ಲ. ಈ ಮೂರು ದಿನ ತಪ್ಪಿದ್ರೆ ಜನ್ಮಪೂರ್ತಿ ತಪ್ಪಿದ ಹಾಗೆ."

ಹೊಟ್ಟೆಯೊಳಗೆ ಬೇಕಾದ ಎಣ್ಣೆಯೇ ತಲೆಯ ಮೇಲೆ ನಿಂತರೆ ಉಸಿರು ಕಟ್ಟುತ್ತದಂತೆ. ಆಗಲೇ ಹೇಳಿದ್ದರೆ ಬೇಗ ಒರೆಸಿ ಮರಿಗಳನ್ನು ಉಳಿಸಿಕೊಳ್ಳುತ್ತಿದ್ದರೋ ಏನೋ. ಪುರಿಯ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಅವಳ ಹಿಂದೆ ಹೊರಬಂದೆ.

ಮಧ್ಯದ ಎರಡು ದಿನ

ಆ ಎರಡು ದಿನ ನಾನು ಪೂಜೆಗೆ ಕೂತರೂ ಕಣ್ಣ ಮುಂದೆ ಬಣ್ಣದ ಜಿಡ್ಡೇ. ಅನ್ನಕ್ಕೆ ತುಪ್ಪ ಹಾಕಲು ಹೋಗಿ ಚಮಚ ವಾಪಸು ಇಡುತ್ತಿದ್ದೆ. ಸಂಜೆ ಚೈತ್ರ ಬಂದ ಕೂಡಲೇ, ಮರಿಗಳು ಹೇಗಿವೆ ಎಂದು ಕೇಳುತ್ತಿದ್ದೆ. ಅಮ್ಮನಿಗೆ ನನ್ನ ಕೆಲಸದ ಮೇಲೆ ಎಷ್ಟು ಪ್ರೀತಿ ಬಂದುಬಿಟ್ಟಿದೆ ಎಂದು ಅವಳಿಗೆ ಸಂತೋಷ. ಆ ಸಂತೋಷ ನೋಡಲಾಗುತ್ತಿರಲಿಲ್ಲ.

ಎರಡನೇ ದಿನ ಹುಣ್ಣಿಮೆ. ಆ ಊರಿನಲ್ಲಿ ಮೀನು ಮಾಂಸ ಬಿಟ್ಟು ಮಾತಿಲ್ಲ, ಆದರೂ ಹುಣ್ಣಿಮೆ, ಅಮಾವಾಸ್ಯೆಗೆ ಎಷ್ಟೋ ಜನ ಸಸ್ಯಾಹಾರವನ್ನೇ ಉಣ್ಣುತ್ತಾರೆ. ಲಾನ್ ನನಗಾಗಿ ಡಬ್ಬಿಯಲ್ಲಿ ಅಣಬೆ, ತೋಫು, ಸೊಪ್ಪಿನ ಊಟ ತಂದಳು. ಊಟವಾದ ಮೇಲೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟಳು. ನಾನು ಅವಳ ಸೊಂಟ ಬಿಗಿಯಾಗಿ ಹಿಡಿದು ಕಣ್ಣುಮುಚ್ಚಿದೆ.

ಸಣ್ಣ ಗುಡ್ಡದ ಮೇಲೆ ಕೆಂಪು ಇಟ್ಟಿಗೆಯ ಹಳೇ ಗೋಪುರಗಳು. ದೊಡ್ಡದರಲ್ಲಿ ದೇವಿ. ಪಕ್ಕದ ಸಣ್ಣ ಗೋಪುರಕ್ಕೆ ಬಗ್ಗಿ ಹೋದರೆ, ಊದುಬತ್ತಿಯ ಹೊಗೆಯ ನಡುವೆ ಲಿಂಗ. ನಮ್ಮ ಕಡೆಯ ಹಳ್ಳಿಗುಡಿಗಳಲ್ಲಿ ಇರುವಂಥದೇ ಕಲ್ಲು. ನನಗೆ ಅಳು ಬಂತು. ಇಷ್ಟು ದೂರದಲ್ಲಿ ನನಗಿಂತ ಮೊದಲೇ ಬಂದು ಕೂತಿದ್ದಾನೆ. ಆದರೆ ಏನೆಂದು ಬೇಡಿಕೊಳ್ಳಲಿ? ಇನ್ನೊಂದು ಹರಕೆ ಹೊರಲು ಹೆದರಿಕೆಯಾಯಿತು. ಹರಕೆಯಿಂದಲೇ ಅಲ್ಲವೇ ಇಷ್ಟಾಗಿದ್ದು. ಸುಮ್ಮನೆ ಕೈಮುಗಿದು ಹೊರಬಂದೆ.

ಮೆಟ್ಟಿಲ ಮೇಲೆ ಕೂತಾಗ ಲಾನ್ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಗೆ ಇಟ್ಟಳು. ಬಿಚ್ಚಿದರೆ ಎರಡು ಹಳದಿ ಪುರಿ, ಒಂದು ಕರಿಬೇವಿನ ಎಲೆ. ಜಿಡ್ಡು ಹಿಡಿಯುವ ಚೌಕಟ್ಟಿನಲ್ಲಿ ಸಿಕ್ಕಿದ್ದವು. ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಊಟ ತಂದಿದ್ದಳು. ನನ್ನ ಬೆರಳುಗಳನ್ನು ಮೆಲ್ಲಗೆ ಮಡಿಸಿ, ಕಡಲ ಕಡೆ ನೋಡುತ್ತಾ ಕೂತಳು. ನಾನು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿದೆ.

ಮೈಕ್ರೋಸ್ಕೋಪಿನ ಕೋಣೆ

ಮರುದಿನ ಮರಿಗಳನ್ನು ಪರೀಕ್ಷಿಸುವ ದಿನ. ನಾನೂ ಬರುತ್ತೇನೆ ಎಂದೆ. ಚೈತ್ರ ಒಂದೊಂದೇ ತೊಟ್ಟಿಯಿಂದ ಮರಿಗಳನ್ನು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಪುಸ್ತಕದಲ್ಲಿ ಬರೆಯುತ್ತಾ ಹೋದಳು. ನನಗೂ ತೋರಿಸಿದಳು. ಗಾಜಿನ ಮೈಯೊಳಗೆ, ಬೆನ್ನಿನ ಕೆಳಗೆ, ಒಂದು ಗುಳ್ಳೆ ಮುತ್ತಿನ ಹಾಗೆ ಹೊಳೆಯುತ್ತಿತ್ತು. ಅದೇ ಗಾಳಿಚೀಲ. ಒಂದು, ಎರಡು, ಮೂರು... ಆರನೇ ತೊಟ್ಟಿಯವರೆಗೂ ಬಹುಪಾಲು ಮರಿಗಳಲ್ಲಿ ಮುತ್ತಿತ್ತು.

ಏಳನೆಯದಕ್ಕೆ ಬಂದಾಗ ಅವಳು ಪೆನ್ನು ಕೆಳಗಿಟ್ಟಳು. ಇನ್ನೊಂದಷ್ಟು ತರಿಸಿದಳು. ಮತ್ತೆ ನೋಡಿದಳು. ಅರ್ಧಕ್ಕೂ ಹೆಚ್ಚು ಮರಿಗಳು ಮುತ್ತಿಲ್ಲದೆ ಖಾಲಿ.

ಲಾನಳನ್ನು ಕರೆದು ಅವರ ಭಾಷೆಯಲ್ಲಿ ಏನೋ ಕೇಳಿದಳು. ದನಿ ಗಡುಸಾಗಿತ್ತು. ಜಿಡ್ಡು ಒರೆಸಿದ್ದೀಯೋ ಇಲ್ಲವೋ ಎಂದೇ ಇರಬೇಕು. ಲಾನ್ ತಲೆ ತಗ್ಗಿಸಿ ನಿಂತಳು, ನನ್ನ ಕಡೆ ನೋಡಲಿಲ್ಲ. ಚೈತ್ರ ಮತ್ತೆ ಪೆನ್ನು ತೆಗೆದುಕೊಂಡಳು. ಒರೆಸಿದ್ದೇ ನಿಜವಾದರೆ ಈ ಮೇವೇ ಸರಿಯಿಲ್ಲ, ಇದರ ಉಳಿದೆರಡು ತೊಟ್ಟಿ ಚೆನ್ನಾಗಿದ್ದರೂ ಲೆಕ್ಕ ಕೆಳಗೇ ಹೋಗುತ್ತದೆ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು.

ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ಅವಳ ಪುಸ್ತಕದ ಮೇಲಿಟ್ಟೆ.

"ಲಾನ್ ಏನೂ ಮಾಡಿಲ್ಲ ಕಣೆ. ಆ ತೊಟ್ಟಿಗೆ ಪುರಿ ಹಾಕಿದ್ದು ನಾನು. ನಿನ್ನ ಜ್ವರದ ಹರಕೆ ಇತ್ತು."

ಅವಳು ಪುರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಷ್ಟು ಹಾಕ್ದೆ?"

"ಒಂದು ಹಿಡಿ."

"ಯಾವ ದಿನ, ಎಷ್ಟು ಹೊತ್ತಿಗೆ? ಸರಿಯಾಗಿ ನೆನಪು ಮಾಡ್ಕೊಂಡು ಹೇಳು."

ಹೇಳಿದೆ. ಬರೆದುಕೊಂಡಳು.

"ಬೇರೆ ಯಾವ ತೊಟ್ಟಿಗಾದ್ರೂ?"

"ಇಲ್ಲ, ಶಿವನಾಣೆ."

ಒಂದು ಗಾಜಿನ ಬಟ್ಟಲಿಗೆ ನೀರು ಹಾಕಿ, ಒಂದು ಪುರಿ ಅದರೊಳಗೆ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದಳು. ಅಷ್ಟು ದಿನವಾಗಿದ್ದರೂ ಅದರಿಂದ ಬಣ್ಣದ ಪೊರೆ ಮೆಲ್ಲಗೆ ಬಿಚ್ಚಿಕೊಂಡಿತು. ಇದೇ ಎಂದಳು. ಆಮೇಲೆ ಕುರ್ಚಿಯಲ್ಲಿ ಕೂತು, ಕೈಯಿಂದ ಮುಖ ಮುಚ್ಚಿಕೊಂಡಳು.

"ನೀನು ಹೇಳದೆ ಇದ್ದಿದ್ರೆ ಒಳ್ಳೇ ಮೇವನ್ನ ಕೆಟ್ಟದ್ದು ಅಂತ ಬರೆದುಬಿಡ್ತಿದ್ದೆ ಅಮ್ಮ. ನಾನು ಬರೆದಿದ್ದನ್ನ ನಂಬ್ಕೊಂಡು ಎಷ್ಟು ಜನ ಮರಿ ಸಾಕ್ತಿದ್ರೋ."

ಎದ್ದು ಲಾನ್ ಮುಂದೆ ಹೋಗಿ ಎರಡೂ ಕೈಯಿಂದ ಅವಳ ಕೈ ಹಿಡಿದು ತಲೆ ಬಾಗಿಸಿದಳು. ನನ್ನ ಹತ್ತಿರ ಮಾತ್ರ ಮರುದಿನ ಸಂಜೆಯವರೆಗೂ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಂಡು, ತೊಳೆದಿಟ್ಟು, ಮಲಗಿದಳು. ಉಂಡಳಲ್ಲ, ಅದನ್ನೂ ಒಂದು ಬೆರಳು ಮಡಿಸಿ ಎಣಿಸಿಕೊಂಡೆ.

ಉಳಿದ ಎಂಟು

ಚೈತ್ರ ತನ್ನ ಮೇಲಿನವರಿಗೆ ವಿಷಯ ತಿಳಿಸಲು ಹೋದ ದಿನ ನಾನು ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅವಳು ಪೆಟ್ಟಿಗೆ ಕಟ್ಟಿಕೊಂಡು ನನ್ನ ಜೊತೆಯೇ ವಾಪಸು ಬರುವ ಹಾಗಾದರೆ ಯಜಮಾನರ ಮುಂದೆ ಹೇಗೆ ನಿಲ್ಲುವುದು? ಸಂಜೆ ಬಂದವಳು ಬಾಗಿಲಲ್ಲೇ ಹೇಳಿದಳು. ಏಳನೇ ತೊಟ್ಟಿಯನ್ನು ಲೆಕ್ಕದಿಂದ ತೆಗೆದು, ಯಾಕೆ ತೆಗೆದದ್ದು ಎಂದು ಬರೆದಿಟ್ಟು, ಉಳಿದ ಎಂಟರಲ್ಲಿ ಮುಂದುವರಿಸಬಹುದಂತೆ. ಒಂದು ಮೇವಿಗೆ ಎರಡೇ ತೊಟ್ಟಿ ಉಳಿದ ಹಾಗಾಯಿತು, ಲೆಕ್ಕಕ್ಕೆ ಬಲ ಕಡಿಮೆ. ಇನ್ನೊಂದು ತೊಟ್ಟಿ ಕೆಟ್ಟರೆ ಮಾತ್ರ ಎಲ್ಲವೂ ಮುಗಿದಂತೆ.

ಹಾಗಾಗಿ ಭಯ ಹೋಗಲಿಲ್ಲ, ಏಳನೇ ತೊಟ್ಟಿಯಿಂದ ಉಳಿದ ಎಂಟಕ್ಕೂ ಹಂಚಿಹೋಯಿತು. ಒಂದು ಮಧ್ಯಾಹ್ನ ಕರೆಂಟು ಹೋದಾಗ, ಜನರೇಟರು ಗುಡುಗುವವರೆಗೂ ನಾನು ಪಂಚಾಕ್ಷರಿ ನಿಲ್ಲಿಸಲಿಲ್ಲ. ಹ್ಯಾಚರಿಗೆ ಹೋದರೆ ಬಾಗಿಲ ಹೊರಗೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಲಾನ್ ಬಂದು ನನ್ನ ಅಂಗೈ ಮೂಸಿ, ಎಣ್ಣೆ ವಾಸನೆ ಇದೆ ಎನ್ನುವ ಹಾಗೆ ಮುಖ ಸಿಂಡರಿಸಿ ನಗುತ್ತಿದ್ದಳು. ಏಳನೇ ತೊಟ್ಟಿಯ ಮರಿಗಳಲ್ಲಿ ಮುತ್ತಿದ್ದವು ಮೇಲೆ ಬಂದು ಈಜುತ್ತಿದ್ದವು. ಅವನ್ನು ಲೋಟದಲ್ಲಿ ಹಿಡಿದು ಅವಳು ಒಂದು ನೀಲಿ ಡ್ರಮ್ಮಿಗೆ ಬಿಟ್ಟು ಸಾಕಿದಳು. ಅವು ಯಾವ ಪುಸ್ತಕದಲ್ಲೂ ಇಲ್ಲ. ಮುತ್ತಿಲ್ಲದವು ತಲೆ ಮೇಲೆ ಮಾಡಿ ಬಾಲ ಬಡಿಯುತ್ತಾ ತೇಲಲು ಹೆಣಗಿ ಹೆಣಗಿ, ಒಂದೊಂದಾಗಿ ತಳಕ್ಕೆ ಇಳಿದವು. ಅದನ್ನು ನಾನು ನೋಡಿದೆ. ನೋಡಲೇಬೇಕೆಂದು ಹೋಗಿ ನೋಡಿದೆ.

ನಾನು ಹೊರಡುವ ವೇಳೆಗೆ ಎಂಟೂ ತೊಟ್ಟಿಯಲ್ಲಿ ಮರಿಗಳು ಅಕ್ಕಿಕಾಳಿಗಿಂತ ಉದ್ದವಾಗಿದ್ದವು. ಚೈತ್ರಳ ಬೆನ್ನಿನ ಮೂಳೆಯೂ ಮೊದಲಿನಷ್ಟು ಕೈಗೆ ಸಿಗುತ್ತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅವಳು ನಗುತ್ತಾ ಹೇಳಿದಳು.

"ನಿನ್ನ ಹೆಸರು ಹಾಕಿಲ್ಲಮ್ಮ. ಏಳನೇ ತೊಟ್ಟಿ, ನೋಡಲು ಬಂದವರಿಂದ ನೀರಿನ ಮೇಲೆ ಎಣ್ಣೆ ಬಿದ್ದು ಕೈಬಿಡಲಾಗಿದೆ ಅಂತ ಬರೆದಿದ್ದೀನಿ."

ನನಗೆ ನಗು ಬರಲಿಲ್ಲ. ತಾಯಿಯಿಂದ ಎಂದು ಬರೆದಿದ್ದರೂ ನಾನು ಬೇಡವೆನ್ನುತ್ತಿರಲಿಲ್ಲ.

ರಾಮನಾಥಪುರ

ಊರಿಗೆ ಬಂದ ವಾರದಲ್ಲೇ ಹೊರಟೆ. ಗಿರಿಜಳೂ ಚನ್ನರಾಯಪಟ್ಟಣದಿಂದ ಬಂದು ಜೊತೆಯಾದಳು. ರಾಮೇಶ್ವರನಿಗೆ ಕೈಮುಗಿದು ಮೆಟ್ಟಿಲಿಳಿದೆವು. ದೊಡ್ಡ ಮೀನುಗಳು ಆಗಲೇ ಬಾಯಿ ತೆರೆದು ಕಾಯುತ್ತಿದ್ದವು. ನನ್ನ ಕಣ್ಣು ಅವುಗಳ ಮೇಲೆ ನಿಲ್ಲಲಿಲ್ಲ. ಮೆಟ್ಟಿಲ ಸಂದಿಯ ನಿಂತ ನೀರಿನಲ್ಲಿ, ಇಷ್ಟು ವರ್ಷ ನಾನು ಒಮ್ಮೆಯೂ ನೋಡದಿದ್ದ, ಸೂಜಿಮೊನೆಯಂಥ ಮರಿಗಳ ಗುಂಪೊಂದು ಮೇಲಕ್ಕೆ ಬಂದು ಬಂದು ಹೋಗುತ್ತಿತ್ತು.

"ಹಾಕಿ ಅತ್ತಿಗೆ, ಇನ್ನೇನ್ ನೋಡ್ತಾ ಕೂತ್ರಿ? ಮೀನಿಗೂ ಮಂತ್ರ ಹೇಳಬೇಕಾ?" ಎಂದಳು ಗಿರಿಜ.

ತಂದಿದ್ದು ಬರೀ ಪುರಿ, ಒಗ್ಗರಣೆ ಇಲ್ಲದ್ದು. ಆದರೆ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆ. ಪುರಿಯ ಚೀಲವನ್ನು ಗಿರಿಜಳ ಕೈಗೆ ಕೊಟ್ಟು ಮೇಲಿನ ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದೆ. ಬಂದು, ಮರಿಗಳಿಂದ ದೂರಕ್ಕೆ ಸರಿದು, ಒಂದು ಬೆರಳನ್ನು ನೀರಿಗೆ ಅದ್ದಿ ಬಗ್ಗಿ ನೋಡಿದೆ. ಬಣ್ಣ ಏಳಲಿಲ್ಲ. ಇನ್ನೊಂದು ಬೆರಳನ್ನೂ ಅದ್ದಿ ನೋಡಿದೆ. ಗಿರಿಜಳ ಕೈಯಲ್ಲಿದ್ದ ಚೀಲದಿಂದ ಒಂದು ಹಿಡಿ ಪುರಿ ತುಂಬಿಕೊಂಡೆ.

ಆಮೇಲೆ ಹಿಡಿ ಬಿಚ್ಚಿದೆ.